ನೂರ ಇಪ್ಪತ್ತೇಳನೆಯ ಗೆರೆ

ಈ ಸಭೆಯ ಅಧ್ಯಕ್ಷರೂ ನಮ್ಮ ಕೇರಂ ಸಂಘದ ಹಿರಿಯರೂ ಆದ ಶ್ರೀ ಗುರುಶಿದ್ದಪ್ಪನವರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಒಂದು ಕಾಲಕ್ಕೆ ಈ ಅವಳಿ ನಗರದ ಕೇರಂ ಬೋರ್ಡುಗಳನ್ನೆಲ್ಲ ಆಳಿದ ಶ್ರೀ ವಿನೋದ ಅವರೇ, ಇಂದಿನ ಸನ್ಮಾನಿತರಾದ ಶ್ರೀ ಖಾದರಬಾಷಾ ಅವರೇ, ಸಮಿತಿಯ ಸದಸ್ಯರೇ, ನಾಳೆಯಿಂದ ಆಡಲಿರುವ ನೂರ ಎಂಟು ಆಟಗಾರರೇ, ಮತ್ತು ಆಟದ ಗೊಡವೆ ಇಲ್ಲದಿದ್ದರೂ ಕೊನೆಯಲ್ಲಿ ಊಟದ ವ್ಯವಸ್ಥೆ ಇದೆಯೆಂದು ತಿಳಿದು ಬಂದಿರುವ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಕೊಟ್ಟವರು ಗುರುಶಿದ್ದಪ್ಪನವರು. ಅವರ ಹತ್ತು ನಿಮಿಷ ಎಷ್ಟು ಉದ್ದ ಎಂಬುದು ಈಗಷ್ಟೇ ಅವರ ಭಾಷಣ ಕೇಳಿದ ನಿಮಗೆ ಗೊತ್ತು. ಆದ್ದರಿಂದ ನಾನು ಧೈರ್ಯವಾಗಿದ್ದೇನೆ.

ಹೊಸಬರಿಗಾಗಿ ನನ್ನ ಪರಿಚಯ. ನಾನು ಬಿಂದುಮಾಧವ. ಧಾರವಾಡದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಈ ಪಂದ್ಯಾವಳಿ ಆರಂಭವಾಗಿ ಇದು ಇಪ್ಪತ್ತೈದನೆಯ ವರ್ಷ. ಮೊದಲ ವರ್ಷದಿಂದಲೂ ಯಾರ ಎದುರು ಯಾರು ಆಡಬೇಕು ಎಂಬ ನಕ್ಷೆಯನ್ನು ಬರೆಯುತ್ತಿರುವವನು ನಾನು. ಆ ನಕ್ಷೆಯಲ್ಲಿ ಹೆಸರು ತುಂಬಲು ಚೀಲದಿಂದ ಬಿಲ್ಲೆ ಎತ್ತುತ್ತಿದ್ದವರು ಖಾದರಬಾಷಾ ಅವರು. ಗೆರೆ ನನ್ನದು, ಕೈ ಅವರದು. ಇಪ್ಪತ್ತನಾಲ್ಕು ವರ್ಷ ಹೀಗೆ ನಡೆಯಿತು. ಇಂದು ಅವರಿಗೆ ಶಾಲು ಹೊದಿಸಿ ಬೀಳ್ಕೊಡುತ್ತಿದ್ದೇವೆ. ಊಟಕ್ಕೆ ಮೊದಲು, ಇದೇ ವೇದಿಕೆಯ ಮೇಲೆ, ಈ ವರ್ಷದ ಡ್ರಾವನ್ನು ಕಂಪ್ಯೂಟರ್ ಮಾಡಲಿದೆ. ಅಗೋ, ಅದು ಮೇಜಿನ ಮೇಲೆ ಕೂತಿದೆ. ಅದಕ್ಕೂ ಒಂದು ಹೂವಿನ ಹಾರ ಹಾಕಿದ್ದಾರೆ.

ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಲು ನನ್ನನ್ನು ಕರೆದಿದ್ದಾರೆ. ನನ್ನನ್ನೇ ಏಕೆ ಕರೆದರು ಎಂದು ನಾನು ಮೂರು ದಿನ ಯೋಚಿಸಿದೆ. ಒಳ್ಳೆಯ ಮಾತು ಹೇಳುವವರು ಈ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕರೆಯಲು ಬಂದವರ ಮುಖವನ್ನೂ ಗಮನಿಸಿ ನೋಡಿದೆ. ಏನೂ ಕಾಣಲಿಲ್ಲ. ಏನೂ ಕಾಣದಿದ್ದಾಗ ನನಗೆ ಇನ್ನೂ ಸಂಶಯ ಬರುತ್ತದೆ. ಅದು ನನ್ನ ಸ್ವಭಾವ. ಐದು ಸಾವಿರ ಉತ್ತರಪತ್ರಿಕೆಗಳಲ್ಲಿ ನಕಲು ಹುಡುಕಿದವನಿಗೆ ಬೇರೆ ಸ್ವಭಾವ ಎಲ್ಲಿಂದ ಬರಬೇಕು?

ಇರಲಿ. ಎರಡು ಪುಟ ಬರೆದು ತಂದಿದ್ದೇನೆ. ಅದರಂತೆಯೇ ಹೋಗುತ್ತೇನೆ.

ಮೊದಲು ಡ್ರಾ ಎಂದರೇನು ಎಂದು ಹೇಳಬೇಕು, ಗೊತ್ತಿದ್ದವರು ಕ್ಷಮಿಸಬೇಕು. ನಮ್ಮದು ಸೋತವರು ಮನೆಗೆ ಹೋಗುವ ಪಂದ್ಯಾವಳಿ. ಪ್ರತಿ ಸುತ್ತಿಗೂ ಅರ್ಧ ಮಂದಿ ಉದುರುತ್ತಾರೆ. ಸಭಾಭವನದ ಜಾಗ ನೋಡಿ ಅರ್ಜಿಗಳನ್ನು ನೂರ ಎಂಟಕ್ಕೆ ನಿಲ್ಲಿಸುತ್ತೇವೆ. ಜಪಮಾಲೆಯಲ್ಲಿ ಎಷ್ಟು ಮಣಿಯೋ ಅಷ್ಟು ಆಟಗಾರರು. ಆದರೆ ನೂರ ಎಂಟನ್ನು ಅರ್ಧ ಮಾಡಿದರೆ ಐವತ್ತನಾಲ್ಕು, ಮತ್ತೆ ಅರ್ಧ ಮಾಡಿದರೆ ಇಪ್ಪತ್ತೇಳು. ಅಲ್ಲಿಗೆ ಗಾಡಿ ನಿಂತಿತು. ಇಪ್ಪತ್ತೇಳನೆಯವನು ಯಾರ ಎದುರು ಕೂರಬೇಕು? ಆದ್ದರಿಂದ ನಕ್ಷೆಯಲ್ಲಿ ನೂರ ಇಪ್ಪತ್ತೆಂಟು ಗೆರೆ ಎಳೆದು, ಇಪ್ಪತ್ತನ್ನು ಅಲ್ಲಲ್ಲಿ ಖಾಲಿ ಬಿಡುತ್ತೇವೆ. ಖಾಲಿ ಗೆರೆಯ ಜೋಡಿಯಾಗಿ ಬಂದವರು ಮೊದಲ ಸುತ್ತು ಆಡದೆಯೇ ಎರಡನೆಯ ಸುತ್ತಿಗೆ ಹೋಗುತ್ತಾರೆ. ಇದಕ್ಕೆ ಬೈ ಎನ್ನುತ್ತೇವೆ. ಬಲವಾದ ಎಂಟು ಆಟಗಾರರು ಆರಂಭದಲ್ಲೇ ಒಬ್ಬರನ್ನೊಬ್ಬರು ಕೆಡವದಿರಲಿ ಎಂದು ಅವರನ್ನು ದೂರ ದೂರ ಕೂರಿಸುತ್ತೇವೆ. ಮೊದಲ ಶ್ರೇಯಾಂಕದವರು ಒಂದನೆಯ ಗೆರೆಯಲ್ಲಿ, ಎರಡನೆಯ ಶ್ರೇಯಾಂಕದವರು ಕಟ್ಟಕಡೆಯ ನೂರ ಇಪ್ಪತ್ತೆಂಟರಲ್ಲಿ. ಉಳಿದ ಊರುಗಳಲ್ಲಿ ಬೈ ಅವರಿಗೇ ಮೊದಲು ಸಿಗುತ್ತದೆ. ನಮ್ಮಲ್ಲಿ ಸಿಗುವುದಿಲ್ಲ. ಮೊದಲ ವರ್ಷದ ಸಭೆಯಲ್ಲಿ ಗುರುಶಿದ್ದಪ್ಪನವರು, “ಹೊಟ್ಟಿ ತುಂಬಿದಾಂವಗ ಮೊದಲ ಯಾಕ ಬಡಸ್ತೀರಿ?” ಎಂದು ಕೇಳಿದರು. ಅದೇ ನಮ್ಮ ಕಾನೂನಾಯಿತು. ಉಳಿದ ನೂರು ಮಂದಿಗೆ ನೂರು ಬಿಲ್ಲೆ. ಒಂದೊಂದರ ತಳಕ್ಕೆ ಒಂದೊಂದು ನಂಬರು. ಒಂದನೆಯ ಗೆರೆಯಿಂದ ಕೆಳಗೆ ಬರುತ್ತ, ಗೆರೆಗೊಂದು ಬಿಲ್ಲೆ ಎತ್ತುತ್ತ ಹೋಗುವುದು.

ಈ ನೂರು ಬಿಲ್ಲೆಗಳನ್ನು ಮಾಡಿದವರು ಖಾದರಬಾಷಾ ಅವರು. ಹಳೇ ಹುಬ್ಬಳ್ಳಿಯಲ್ಲಿ ಅವರ ಅಂಗಡಿ. ಕೇರಂ ಬೋರ್ಡು ಮಾಡುವುದು, ಹಳೆಯ ಬೋರ್ಡಿಗೆ ಮತ್ತೆ ನುಣುಪು ತರುವುದು, ಬಿಲ್ಲೆ ಕಡೆಯುವುದು. ಮೊದಲ ವರ್ಷ ನಾನು ಕಾಗದದ ಚೀಟಿ ಸುತ್ತಿಸಿದ್ದೆ. ಅದನ್ನು ನೋಡಿ ಅವರು ನಕ್ಕರು. “ಕೇರಂ ಆಟಕ್ಕ ಕಾಗದ ಯಾಕ್ರಿ ಸರ್? ಒಂದು ಚೀಟಿ ಬಿಗಿ ಇರ್ತೈತಿ, ಒಂದು ಸಡಿಲ ಇರ್ತೈತಿ. ಬೆರಳಿಗೆ ಗೊತ್ತಾಕ್ಕತಿ. ನಾ ಬಿಲ್ಲಿ ಮಾಡಿ ಕೊಡ್ತೇನಿ, ಎಲ್ಲಾ ಒಂದ ತೂಕ.” ಮಾಡಿಕೊಟ್ಟರು. ಚೀಲಕ್ಕೆ ಹಾಕುವ ಮೊದಲು ಅವುಗಳ ಮೇಲೆ ಬೋರ್ಡಿಗೆ ಹಾಕುವ ಬಿಳಿ ಪೌಡರನ್ನು ಉದುರಿಸುತ್ತಿದ್ದರು. ಎಲ್ಲವೂ ಕೈಗೆ ಒಂದೇ ಹಾಗೆ ಹತ್ತಲಿ ಎಂದು.

ಇದನ್ನು ಕೇಳಿ ಯಾರಾದರೂ ಮೆಚ್ಚಬೇಕು. ನಾನೂ ಮೆಚ್ಚಿದೆ. ಆದರೆ ಅದೇ ದಿನ ಅಂಗಡಿಯಲ್ಲಿ ಅವರು ಕಣ್ಣು ಮುಚ್ಚಿಕೊಂಡು, ಅಂಗೈಯಲ್ಲಿಟ್ಟ ನಾಲ್ಕು ಬಿಲ್ಲೆಗಳಲ್ಲಿ ಬೀಟೆಯದು ಯಾವುದು, ಜಾಲಿಯದು ಯಾವುದು ಎಂದು ಹೇಳಿ ತೋರಿಸಿದರು. ನಾಲ್ಕೂ ಸರಿಯಾಗಿತ್ತು. ನಾನು ಚಪ್ಪಾಳೆ ತಟ್ಟಿದೆ. ಚಪ್ಪಾಳೆ ತಟ್ಟುತ್ತಲೇ ಮನಸ್ಸಿನಲ್ಲಿ ಒಂದು ಗುರುತು ಹಾಕಿಕೊಂಡೆ. ಕಣ್ಣು ಮುಚ್ಚಿ ಮರ ಗುರುತಿಸುವ ಕೈ, ಚೀಲದೊಳಗೆ ಇನ್ನೇನನ್ನು ಗುರುತಿಸಬಲ್ಲದು?

ಇದು ನನ್ನ ಎರಡು ಪುಟಗಳಲ್ಲಿ ಇಲ್ಲ. ಬಾಯಿ ತಪ್ಪಿ ಬಂತು. ಬಂದದ್ದರಿಂದ ಈಗ ಇನ್ನೊಂದನ್ನೂ ಹೇಳಬೇಕಾಗುತ್ತದೆ.

ಮೂರು ವಾರದ ಹಿಂದೆ ಸಂಘಕ್ಕೆ ಒಂದು ಪತ್ರ ಬಂತು. ಗುರುಶಿದ್ದಪ್ಪನವರು ನನ್ನ ಕಡೆ ನೋಡುತ್ತಿದ್ದಾರೆ. ಅಧ್ಯಕ್ಷರೇ, ಈ ಸಭೆಯಲ್ಲಿ ಆ ಪತ್ರದ ವಿಷಯ ಗೊತ್ತಿಲ್ಲದವರು ಹತ್ತು ಮಂದಿಯೂ ಇರಲಾರರು. ಹಿಂದಿನ ಸಾಲಿನಲ್ಲಿ ಅದರ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿದೆ. ಆದ್ದರಿಂದ ಓದಿಯೇ ಬಿಡುತ್ತೇನೆ. ನಾಲ್ಕೇ ಸಾಲು, ಹೆಸರಿಲ್ಲ.

“ಮಾನ್ಯರೇ, ನಿಮ್ಮ ಡ್ರಾದಲ್ಲಿ ಒಂದು ವರ್ಷ ಒಂದು ಬಿಲ್ಲೆ ಚೀಲದಿಂದ ಬರಲಿಲ್ಲ. ಅದು ಹೊರಗಿನಿಂದ ಬಂತು. ಇಪ್ಪತ್ತೈದನೆಯ ವರ್ಷದ ಸಂಭ್ರಮಕ್ಕೆ ಮೊದಲು ವಿಚಾರಿಸಿರಿ. ಅದರ ಬಿಳಿ ಪುಡಿ ಇನ್ನೂ ಹೋಗಿಲ್ಲ.”

ಇದನ್ನು ಓದಿದಾಗ ಸಮಿತಿಯ ಏಳು ಮಂದಿ ಏನು ಮಾಡಿದೆವು? ವಿಚಾರಿಸಿದೆವೇ? ಇಲ್ಲ. ಬಿಲ್ಲೆ ಮಾಡುವವರು ಯಾರು? ಹೆಚ್ಚಿನ ಬಿಲ್ಲೆ ಯಾರ ಹತ್ತಿರ ಇರಲು ಸಾಧ್ಯ? ಪೌಡರು ಯಾರ ಕೈಯಲ್ಲಿ ಇರುತ್ತದೆ? ಮೂರು ಪ್ರಶ್ನೆಗೂ ಒಂದೇ ಉತ್ತರ. ಯಾರೂ ಹೆಸರು ಹೇಳಲಿಲ್ಲ. ಹೆಸರು ಹೇಳದಿರುವುದು ನಮ್ಮ ಸಭ್ಯತೆ. ಅವರ ಹೆಸರು ಖಾದರಬಾಷಾ ಎಂಬುದಕ್ಕೂ ನಾವು ಅಷ್ಟು ಬೇಗ ಉತ್ತರಕ್ಕೆ ಬಂದುದಕ್ಕೂ ಸಂಬಂಧವಿಲ್ಲ ಎಂದು ನಾನು ನನಗೆ ಹೇಳಿಕೊಂಡೆ. ಎರಡು ಸಲ ಹೇಳಿಕೊಳ್ಳಬೇಕಾಯಿತು.

ಹೀಗೆ ಸನ್ಮಾನದ ಠರಾವು ಪಾಸಾಯಿತು. ನಮ್ಮ ಊರಿನಲ್ಲಿ ಒಬ್ಬರನ್ನು ಕೆಲಸದಿಂದ ಬಿಡಿಸಬೇಕಾದರೆ ಗದರಿಸುವುದಿಲ್ಲ, ಶಾಲು ಹೊದಿಸುತ್ತೇವೆ. ಆಹ್ವಾನ ಕೊಡಲು ಹೋದಾಗ ಖಾದರಬಾಷಾ ಅವರು, “ಸನ್ಮಾನ ಯಾಕ್ರಿ? ನಾ ಇನ್ನೂ ದಣದಿಲ್ಲಲ್ರಿ,” ಎಂದರು. ಆಮೇಲೆ, “ಈ ಸಲ ಚೀಲ ಯಾರ ಹಿಡೀತಾರ್ರಿ?” ಎಂದು ಕೇಳಿದರು. ಕಂಪ್ಯೂಟರ್ ಎಂದೆವು. ಅವರು, “ಹಾಂ. ಅದಕ್ಕ ಕೈ ಇಲ್ಲ. ಛಲೋ ಆತು,” ಎಂದರು. ಚಹಾ ತರಿಸಿದರು. ಕುಡಿದು ಬಂದೆವು.

ಆ ಠರಾವಿನ ಕೆಳಗೆ ಏಳು ಸಹಿಗಳಿವೆ. ಏಳನೆಯದು ನನ್ನದು.

ಆಮೇಲೆ ಮೂರು ವಾರ ನಾನು ಒಂದೇ ಕೆಲಸ ಮಾಡಿದೆ: ಆ ಪತ್ರ ಬರೆದವರು ಯಾರು ಎಂದು ಹುಡುಕಿದೆ. ಮೊದಲು ಖಾದರಬಾಷಾ ಅವರನ್ನೇ ಸಂಶಯಿಸಿದೆ. ಆದರೆ ತನ್ನ ಕುತ್ತಿಗೆಗೆ ತಾನೇ ಹಗ್ಗ ಯಾರು ಹಾಕಿಕೊಳ್ಳುತ್ತಾರೆ? ಆಮೇಲೆ ಅವರ ಮಗಳು ಶಾಯಿಸ್ತಾ ಅವರನ್ನು. ಅವರು ಶಿರಗುಪ್ಪಿಯ ಶಾಲೆಯಲ್ಲಿ ಶಿಕ್ಷಕಿ. ಈ ಸಲ ಆ ಊರಿನ ಹನ್ನೊಂದು ಹೆಣ್ಣುಮಕ್ಕಳನ್ನು ಆಡಲು ಕರೆತಂದಿದ್ದಾರೆ. ಅಲ್ಲಿ ಬಲಗಡೆ, ಕಿಟಕಿಯ ಹತ್ತಿರ ಕುಳಿತಿದ್ದಾರೆ. ಆಮೇಲೆ ವಿನೋದ ಅವರೇ, ನಿಮ್ಮನ್ನೂ ಬಿಡಲಿಲ್ಲ. ಪತ್ರ ಡಿಟಿಪಿ ಮಾಡಿಸಿದ್ದು, ಅಂಚೆ ಮುದ್ರೆ ಧಾರವಾಡದ್ದು. ಆದ್ದರಿಂದ ನಮ್ಮ ಮನೆಯ ಸುತ್ತಲಿನ ಮೂರು ಡಿಟಿಪಿ ಅಂಗಡಿಗಳಿಗೆ ಹೋಗಿ ಅಕ್ಷರದ ಅಚ್ಚು ಹೋಲಿಸಿ ನೋಡಿದೆ. ಎರಡನೆಯ ಅಂಗಡಿಯ ದ್ಯಾಮಣ್ಣ ನನ್ನನ್ನು ನೋಡಿದ ಕೂಡಲೇ, “ಬರ್ರಿ ಸರ್. ಮೊನ್ನೆ ನಿಮ್ಮ ಮನಿಯವ್ರು ಬಂದಿದ್ರು, ಭಜನಿ ಹಾಡು ಟೈಪ್ ಮಾಡಿಸ್ಕೊಂಡು ಹೋದ್ರು,” ಎಂದ. ಹೌದೇ, ಒಳ್ಳೆಯದು ಎಂದು ಹೇಳಿ ನಾನು ಮೂರನೆಯ ಅಂಗಡಿಗೆ ಹೋದೆ.

ನೀವು ನಗುತ್ತಿದ್ದೀರಿ. ನಗಬೇಕಾದದ್ದೇ. ಮೂವತ್ತೊಂದು ವರ್ಷ ಪಾಠ ಮಾಡಿದವನಿಗಿಂತ ನೀವು ಚುರುಕು.

ಆದರೆ ನಾನು ಯಾಕೆ ಅಷ್ಟು ಹುಡುಕಿದೆ? ಪತ್ರದಲ್ಲಿರುವುದು ಸುಳ್ಳಾಗಿದ್ದರೆ ಯಾರೂ ಅಷ್ಟು ಹುಡುಕುವುದಿಲ್ಲ. ಈ ಪ್ರಶ್ನೆಯನ್ನು ಸಮಿತಿಯ ಉಳಿದ ಆರು ಮಂದಿ ನನಗೆ ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಅದೊಂದು ಬೈ. ನನಗೆ ಪ್ರತಿವರ್ಷವೂ ಸಿಕ್ಕಿದ ಬೈ.

ಹನ್ನೊಂದು ವರ್ಷದ ಹಿಂದಿನ ಮಾತಿಗೆ ಬರುತ್ತೇನೆ. ನಮ್ಮ ಹದಿನಾಲ್ಕನೆಯ ಪಂದ್ಯಾವಳಿ.

ಅದಕ್ಕೆ ಮೊದಲಿನ ಮೂರು ವರ್ಷ ಶಾಯಿಸ್ತಾ ಆಡಿದ್ದರು. ನಮ್ಮಲ್ಲಿ ಗಂಡು ಹೆಣ್ಣು ಎಂಬ ವಿಭಾಗವಿಲ್ಲ. ಹದಿನಾರು ವರ್ಷದ ಹುಡುಗಿ ಬೆರಳು ಚಿಮ್ಮಿಸಿದರೆ ಬಿಲ್ಲೆ ತನ್ನಷ್ಟಕ್ಕೆ ಮೂಲೆ ಹುಡುಕಿಕೊಂಡು ಹೋಗುತ್ತಿತ್ತು. ಆ ಮೂರೂ ವರ್ಷ ಅವರಿಗೆ ಮೊದಲ ಸುತ್ತಿನಲ್ಲಿ ಬೈ ಸಿಕ್ಕಿತು. ನೂರು ಮಂದಿಯಲ್ಲಿ ಇಪ್ಪತ್ತು ಮಂದಿಗೆ ಬೈ. ಅಂದರೆ ಐದರಲ್ಲಿ ಒಂದು. ಮೂರು ವರ್ಷ ಸಾಲಾಗಿ ಸಿಗಬೇಕಾದರೆ ಐದೈದಲ ಇಪ್ಪತ್ತೈದು, ಇಪ್ಪತ್ತೈದೈದಲ ನೂರ ಇಪ್ಪತ್ತೈದು. ನೂರ ಇಪ್ಪತ್ತೈದರಲ್ಲಿ ಒಂದು. ಬಿಲ್ಲೆ ಎತ್ತುವ ಕೈ ತಂದೆಯದು. ನನಗೆ ಇನ್ನೇನು ಬೇಕು?

ಆ ವರ್ಷ ಮೊದಲ ಎಂಟು ಮಂದಿಯನ್ನು ಜಿಲ್ಲಾ ತಂಡಕ್ಕೆ ಆರಿಸುವುದಿತ್ತು. ಅದರಿಂದ ಮುಂದೆ ರಾಜ್ಯ ಮಟ್ಟ, ಅದರಿಂದ ಕ್ರೀಡಾ ಕೋಟಾದ ನೌಕರಿ. ಎಲ್ಲರ ಕಣ್ಣೂ ಆ ಎಂಟರ ಮೇಲಿತ್ತು. ನನ್ನ ಮಗ ಅತುಲನೂ ಆಡುತ್ತಿದ್ದ. ಅದು ಈ ಮಾತಿಗೆ ಸಂಬಂಧಿಸಿದ್ದಲ್ಲ.

ನಾನು ಒಂದು ಪರೀಕ್ಷೆ ಮಾಡಬೇಕೆಂದುಕೊಂಡೆ. ಶಾಸ್ತ್ರೀಯವಾದ ಪರೀಕ್ಷೆ. ಶಾಯಿಸ್ತಾ ಅವರ ನಂಬರು ಐವತ್ತೆಂಟು. ಬಿಲ್ಲೆಗಳಿಗೆ ಪೌಡರು ಹಾಕಿ ಚೀಲಕ್ಕೆ ತುಂಬುವಾಗ ಐವತ್ತೆಂಟನ್ನು ನಾನು ಕೋಟಿನ ಎಡಗಿಸೆಯಲ್ಲಿ ಹಾಕಿಕೊಂಡೆ. ತಂದೆ ಮಗಳ ಬಿಲ್ಲೆಯನ್ನು ಬೆರಳಿನಿಂದ ಹುಡುಕುತ್ತಿದ್ದರೆ, ಬೈ ಇರುವ ಗೆರೆ ಬಂದಾಗ ಕೈ ಚೀಲದೊಳಗೆ ತಡಕಾಡಬೇಕು. ಸಿಗದಿದ್ದಾಗ ಮುಖದಲ್ಲಿ ಕಾಣಬೇಕು. ಒಂದೆರಡು ಬೈ ಗೆರೆಗಳಲ್ಲಿ ನೋಡಿ, ಆಮೇಲೆ ಸುಳಿವಿಲ್ಲದಂತೆ ಬಿಲ್ಲೆಯನ್ನು ಚೀಲಕ್ಕೆ ಸೇರಿಸಿಬಿಡುವುದು. ಅಷ್ಟೇ ನನ್ನ ಉದ್ದೇಶ.

ಅವರ ಕೈ ಚೀಲದೊಳಗೆ ಹೋಗಿ ಬರಲು ಮೂರು ಸೆಕೆಂಡು ಹಿಡಿಯುತ್ತಿತ್ತು. ನಾನು ಗಡಿಯಾರ ನೋಡುತ್ತಿದ್ದೆ. ಬೈ ಇಲ್ಲದ ಗೆರೆಗೂ ಮೂರು, ಬೈ ಇದ್ದ ಗೆರೆಗೂ ಮೂರು. ಮೂವತ್ತು ಬಿಲ್ಲೆ ಆಗುವಷ್ಟರಲ್ಲಿ ಆರು ಬೈ ಹೋದವು. ಕೈ ಒಮ್ಮೆಯೂ ತಡಕಾಡಲಿಲ್ಲ. ಮುಖ ಸಭೆಯ ಕಡೆಗಿತ್ತು. ಯಾರ ಜೊತೆಗೋ ನಗುತ್ತಿದ್ದರು. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಆ ಮನುಷ್ಯ ನಿರ್ದೋಷಿ. ಎಪ್ಪತ್ತು ಹೆಸರು ಬರುವುದಿತ್ತು, ಚೀಲ ನನ್ನ ಮೊಳಕೈಗೆ ತಾಗುವಷ್ಟು ಹತ್ತಿರ ಇತ್ತು. ಬಿಲ್ಲೆಯನ್ನು ಹಾಕಬಹುದಿತ್ತು.

ಹಾಕಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಮೂವತ್ತೇಳನೆಯ ಗೆರೆಗೆ ಅತುಲನ ಹೆಸರು ಬಂದಿತ್ತು. ಅವನ ಸುತ್ತಲಿನ ಗೆರೆಗಳು ಇನ್ನೂ ತೆರೆದಿದ್ದವು. ಹಿಂದಿನ ವರ್ಷ ಎರಡನೆಯ ಸುತ್ತಿನಲ್ಲಿ ಅವನನ್ನು ಮನೆಗೆ ಕಳಿಸಿದವರು ಶಾಯಿಸ್ತಾ. ಈಗ ಬಿಲ್ಲೆ ಹಾಕಿದರೆ ಅದು ಮತ್ತೆ ಅವನ ಪಕ್ಕಕ್ಕೇ ಬರಬಹುದು. ಇನ್ನು ಸ್ವಲ್ಪ ಹೋಗಲಿ ಎಂದುಕೊಂಡೆ. ಅರವತ್ತನಾಲ್ಕನೆಯ ಗೆರೆ ದಾಟಲಿ; ನಕ್ಷೆಯ ಆ ಅರ್ಧಕ್ಕೆ ಹೋದವರು ಫೈನಲ್‌ಗೆ ಮೊದಲು ಅವನಿಗೆ ಎದುರಾಗುವುದಿಲ್ಲ. ದಾಟಿತು. ಆಮೇಲೂ ಹಾಕಲಿಲ್ಲ. ಒಮ್ಮೆ ತಡಮಾಡಿದ ಕೈಗೆ ಆಮೇಲೆ ಧೈರ್ಯ ಬರುವುದಿಲ್ಲ. ಯಾರಾದರೂ ನೋಡಿಬಿಟ್ಟಾರು ಎಂಬ ಸಂಶಯ. ಎಲ್ಲರನ್ನೂ ಸಂಶಯಿಸುವವನಿಗೆ ತನ್ನನ್ನೇ ಎಲ್ಲರೂ ನೋಡುತ್ತಿದ್ದಾರೆ ಅನಿಸುತ್ತದೆ.

ತೊಂಬತ್ತೊಂಬತ್ತು ಬಿಲ್ಲೆ ಮುಗಿದವು. ಒಂದು ಗೆರೆ ಉಳಿಯಿತು. ನೂರ ಇಪ್ಪತ್ತೇಳು. ಅದರ ಜೋಡಿ ನೂರ ಇಪ್ಪತ್ತೆಂಟು. ಎರಡನೆಯ ಶ್ರೇಯಾಂಕದ ವಿನೋದ ಅವರು. ಕೊನೆಗೆ ಉಳಿದ ಬಿಲ್ಲೆ ಯಾರ ಎದುರು ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಕ್ಷೆ ಬರೆದವನು ನಾನು. ಕೊನೆಯ ಗೆರೆ ಯಾವುದೆಂದು ಈ ಊರಿನಲ್ಲಿ ಒಬ್ಬನಿಗೆ ಗೊತ್ತಿದ್ದರೆ ಅದು ನನಗೆ.

ಖಾದರಬಾಷಾ ಅವರು ಚೀಲದೊಳಗೆ ಕೈ ಹಾಕಿದರು. ಮೂರು ಸೆಕೆಂಡು ಆಯಿತು, ಐದಾಯಿತು. “ಬಿಂದು ಸರ್, ಚೀಲದಾಗ ಏನೂ ಉಳದಿಲ್ರಿ,” ಎಂದರು. ಚೀಲವನ್ನು ತಿರುವಿ ಝಾಡಿಸಿದರು. ಪೌಡರು ಉದುರಿತು, ಬಿಲ್ಲೆ ಉದುರಲಿಲ್ಲ.

“ಕೆಳಗ ಬಿದ್ದಿರಬೇಕ್ರಿ,” ಎಂದೆ ನಾನು. ಮೇಜಿನ ಕೆಳಗೆ ಬಗ್ಗಿದೆ. ಐವತ್ತೆಂಟನ್ನು ಕೈಯಲ್ಲಿ ಹಿಡಿದು ಮೇಲೆದ್ದೆ. ಸಭೆ ನಕ್ಕಿತು. ಯಾರೋ, “ಸರ್ ಕಣ್ಣಿಗೆ ಬಿಲ್ಲಿ ಸೈತ ಹೆದರ್ತೈತಿ ನೋಡ್ರಿ!” ಎಂದರು.

ಬಿಲ್ಲೆಯನ್ನು ಅವರ ಕೈಗೆ ಕೊಟ್ಟೆ. ಡಿಸೆಂಬರ್ ತಿಂಗಳ ಮುಂಜಾನೆ, ಕಲ್ಲಿನ ನೆಲ. ಅವರು ಅದನ್ನು ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ನಂಬರು ನೋಡುವ ಮೊದಲೇ, ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ, “ಬೆಚ್ಚಗೈತಲ್ರಿ ಸರ್,” ಎಂದರು.

“ನನ್ನ ಕೈಯಾಗ ಇತ್ತಲ್ರಿ ಈಗ,” ಎಂದೆ.

“ಹೌದ್ರಿ, ಇತ್ತು,” ಎಂದರು.

ಆಮೇಲೆ ಬಿಲ್ಲೆ ತಿರುವಿ ನಂಬರು ನೋಡಿದರು. ತೊಂಬತ್ತೊಂಬತ್ತು ಹೆಸರುಗಳನ್ನು ಯಾವ ದನಿಯಲ್ಲಿ ಓದಿದ್ದರೋ ಅದೇ ದನಿಯಲ್ಲಿ ಮಗಳ ಹೆಸರನ್ನೂ ಓದಿದರು.

ಆ ಪಂದ್ಯ ವಿನೋದ ಅವರಿಗೆ ನೆನಪಿರಬೇಕು. ತಲೆ ಅಲ್ಲಾಡಿಸುತ್ತಿದ್ದಾರೆ. ಮೂರನೆಯ ಗೇಮು ಇಪ್ಪತ್ತೈದು ಇಪ್ಪತ್ಮೂರು. ಗೆದ್ದು ಹೊರಗೆ ಬಂದು ಅವರು ನನ್ನನ್ನು ಬೈದರು: “ಮೊದಲನೇ ಸುತ್ತಿನಾಗ ಇಂಥಾ ಹುಡುಗೀನ ನನ್ನ ಮುಂದ ತಂದು ಕುಂದರ್ಸೀರಲ್ರಿ! ಇದು ಫೈನಲ್‌ನಾಗ ಆಡೂ ಆಟ.” ಡ್ರಾ ಅಂದರೆ ಡ್ರಾ, ಯಾರ ಕೈಯಲ್ಲಿದೆ ಎಂದೆ. ಅತುಲ ಕಡೆಯ ಎಂಟಕ್ಕೆ ಬಂದ. ಜಿಲ್ಲಾ ತಂಡಕ್ಕೆ ಆಯ್ಕೆಯಾದ. ಅವನಿಗೆ ಇದೇನೂ ಗೊತ್ತಿಲ್ಲ. ಅವನು ಆಡಿಯೇ ಗೆದ್ದ. ಆದರೆ ಅವನು ದಾಟಿ ಹೋದ ದಾರಿಯಲ್ಲಿ ಒಂದು ಕಲ್ಲನ್ನು ಅಪ್ಪ ಮೊದಲೇ ಎತ್ತಿಟ್ಟಿದ್ದ. ಆ ಪ್ರಮಾಣಪತ್ರ ನಮ್ಮ ಮನೆಯ ಗೋಡೆಯ ಮೇಲಿದೆ. ಮನೆಯ ಎಲ್ಲ ಫೋಟೋಗಳ ಧೂಳನ್ನೂ ನನ್ನ ಹೆಂಡತಿ ಮಂದಾಕಿನಿ ಒರೆಸುತ್ತಾರೆ. ಅದೊಂದನ್ನು ಒರೆಸುವುದಿಲ್ಲ. ಯಾಕೆ ಎಂದು ನಾನು ಕೇಳಿರಲಿಲ್ಲ.

ಮುಂದಿನ ವರ್ಷ ಶಾಯಿಸ್ತಾ ಅರ್ಜಿ ತುಂಬಲಿಲ್ಲ. ಅದನ್ನೂ ನಾನು ಸಂಶಯದಿಂದಲೇ ನೋಡಿದೆ. ನೋಡಿ, ಬೈ ಸಿಗದಿದ್ದರೆ ಆಡುವುದಿಲ್ಲ ಎಂದುಕೊಂಡೆ. ಹೌದು ಶಾಯಿಸ್ತಾ ಅವರೇ, ಹಾಗೆಯೇ ಅಂದುಕೊಂಡೆ.

ಅದೇ ವರ್ಷ ಖಾದರಬಾಷಾ ಅವರು ಒಂದು ಹೊಸ ಪದ್ಧತಿ ತಂದರು. ಡ್ರಾ ಆರಂಭವಾಗುವ ಮೊದಲು, “ಎಣಿಸಿ ಹಾಕೂಣ್ರಿ ಸರ್,” ಎಂದು, ಒಂದೊಂದೇ ಬಿಲ್ಲೆಯನ್ನು ಸಭೆಗೆ ತೋರಿಸಿ, ಗಟ್ಟಿಯಾಗಿ ಎಣಿಸಿ ಚೀಲಕ್ಕೆ ಹಾಕುವುದು. ನೂರು ಎಂದು ಮುಗಿಸಿದ ಮೇಲೆ ನನ್ನ ಕಡೆ ಒಮ್ಮೆ ನೋಡಿ, “ಆತಲ್ರಿ?” ಎಂದು ಕೇಳುವುದು. ಆತು ಎಂದು ನಾನು ಹೇಳುವುದು. ಹತ್ತು ವರ್ಷ, ಪ್ರತಿವರ್ಷ. ಇದನ್ನು ಯಾರು ಆರಂಭಿಸಿದರು ಎಂದು ಒಮ್ಮೆ ಗುರುಶಿದ್ದಪ್ಪನವರು ಕೇಳಿದಾಗ ಅವರು, “ಸರ್ ವಿಚಾರರಿ ಅದು,” ಎಂದರು. ಇಂದು ನಿಮ್ಮ ಕೈಯಲ್ಲಿರುವ ಸ್ಮರಣ ಸಂಚಿಕೆ ತೆಗೆಯಿರಿ. ಹದಿನಾಲ್ಕನೆಯ ಪುಟ. ‘ಪಾರದರ್ಶಕತೆಗೆ ಬಿಂದುಮಾಧವ ಪದ್ಧತಿ’ ಎಂದು ಅಚ್ಚಾಗಿದೆ. ನನ್ನ ಫೋಟೋ ಇದೆ, ಇದೇ ಕೋಟು.

ಅವರು ನನ್ನನ್ನು ಹಿಡಿದಿದ್ದರು. ಹಿಡಿದವರು ಬಹಿರಂಗ ಮಾಡಲಿಲ್ಲ, ಬಿಡಲೂ ಇಲ್ಲ. ಪ್ರತಿವರ್ಷ ನೂರರ ತನಕ ಎಣಿಸಿ ತೋರಿಸಿದರು.

ಈಗ ಆ ನೂರ ಇಪ್ಪತ್ತೈದರ ಲೆಕ್ಕ. ಅದು ತಪ್ಪು. ಮೊದಲ ವರ್ಷದ ವಿದ್ಯಾರ್ಥಿ ಮಾಡಿದ್ದರೆ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದೆ. ಒಬ್ಬರಿಗೆ ಮೂರು ಸಲ ಬೈ ಸಿಗುವುದು ನೂರ ಇಪ್ಪತ್ತೈದರಲ್ಲಿ ಒಂದು, ನಿಜ. ಆದರೆ ಆಡುವವರು ನೂರು ಮಂದಿ. ಆ ನೂರರಲ್ಲಿ ಯಾರಿಗಾದರೂ ಒಬ್ಬರಿಗೆ ಹಾಗಾಗುವ ಸಂಭವ ಅರ್ಧಕ್ಕಿಂತ ಹೆಚ್ಚು. ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಆಗದಿದ್ದರೇ ಆಶ್ಚರ್ಯ. ಹಳೆಯ ನಕ್ಷೆಗಳನ್ನು ಹೋದ ವಾರ ತೆಗೆದು ನೋಡಿದೆ. ಬೇರೆ ಮೂರು ವರ್ಷಗಳಲ್ಲಿ ಒಬ್ಬ ಆಟಗಾರನಿಗೆ ಇದೇ ರೀತಿ ಸಾಲಾಗಿ ಮೂರು ಬೈ ಸಿಕ್ಕಿದ್ದವು. ಅವನು ನಮ್ಮ ಕಾಲೇಜಿನ ಗುಮಾಸ್ತರ ಮಗ. ನನ್ನ ಕೈಯಿಂದಲೇ ಬರೆದಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಎಣಿಸಿದ್ದು ಒಬ್ಬರದನ್ನು ಮಾತ್ರ. ಯಾಕೆ ಅವರದನ್ನೇ ಎಣಿಸಿದೆ ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸೂತ್ರವಿಲ್ಲ.

ಇಂದು ಮುಂಜಾನೆಯ ಮಾತು ಹೇಳಿ ಮುಗಿಸುತ್ತೇನೆ. ಅಧ್ಯಕ್ಷರೇ, ಗಡಿಯಾರ ನೋಡಬೇಡಿ, ಊಟ ಆರುವುದಿಲ್ಲ.

ಈ ಕೋಟನ್ನು ನಾನು ವರ್ಷಕ್ಕೊಮ್ಮೆ ತೊಡುತ್ತೇನೆ, ಡ್ರಾ ದಿನ ಮಾತ್ರ. ಕಪ್ಪು ಕೋಟು. ಹನ್ನೊಂದು ವರ್ಷದ ಹಿಂದೆ ಡ್ರಾ ಮುಗಿಸಿ ಮನೆಗೆ ಹೋದಾಗ ಮಂದಾಕಿನಿ ಇದರ ಎಡಗಿಸೆಯನ್ನು ಹೊರಗೆ ತಿರುವಿ, “ಅಲ್ರೀ, ಕಿಸೆದಾಗ ಇದೇನಿದು ಬಿಳೇದು?” ಎಂದು ಕೇಳಿದ್ದರು. ಸೀಮೆಸುಣ್ಣ ಎಂದೆ. ಮೇಷ್ಟರ ಕಿಸೆಯಲ್ಲಿ ಸೀಮೆಸುಣ್ಣ ಇರುವುದು ಸಹಜ. ಆದರೆ ಈ ಕೋಟು ತೊಟ್ಟು ನಾನು ಒಂದು ದಿನವೂ ಕಾಲೇಜಿಗೆ ಹೋಗಿಲ್ಲ. ಅದು ಅವರಿಗೆ ಗೊತ್ತಿತ್ತು. ಡ್ರಾ ದಿನ ಅವರು ಮುಂದಿನ ಸಾಲಿನಲ್ಲಿ ಕುಳಿತು, ನಾನು ಮೇಜಿನ ಕೆಳಗೆ ಬಗ್ಗಿದ್ದನ್ನೂ ನೋಡಿದ್ದರು. ಮತ್ತೆ ಅವರು ಕೇಳಲಿಲ್ಲ.

ಇಂದು ಮುಂಜಾನೆ ಕೋಟನ್ನು ಕೈಗೆ ಕೊಡುತ್ತ ಅವರು, “ಎಷ್ಟು ಸಲ ಝಾಡಿಸಿದರೂ ಹೋಗಲಿಲ್ಲ ನೋಡ್ರಿ ಇದು. ಇವತ್ತರೆ ಕಿಸೆ ಝಾಡಿಸಿಕೊಂಡು ಬರ್ರಿ,” ಎಂದರು. ಹ್ಞೂಂ ಎಂದು ಹಾಕಿಕೊಂಡು ಬಸ್ ಹತ್ತಿದೆ. ಬಸ್ಸಿನಲ್ಲಿ ನವಲಗುಂದದ ಕಡೆಯವರೊಬ್ಬರು ಬೆಳೆಯ ಮಾತು ಆಡುತ್ತಿದ್ದರು, ನಾನು ಭಾಷಣ ಬಾಯಿಪಾಠ ಮಾಡುತ್ತಿದ್ದೆ. ವಿದ್ಯಾನಗರದ ಸ್ಟಾಪ್ ಬಂದಾಗ ನನಗೆ ಹೊಳೆಯಿತು. ‘ಅದರ ಬಿಳಿ ಪುಡಿ ಇನ್ನೂ ಹೋಗಿಲ್ಲ.’ ಮೂರು ವಾರ ನಾನು ಊರನ್ನೆಲ್ಲ ಸಂಶಯಿಸಿದ್ದೆ, ನನ್ನ ಮನೆಯೊಂದನ್ನು ಬಿಟ್ಟು.

ಮಂದಾಕಿನಿ ಮುಂದಿನ ಸಾಲಿನಲ್ಲಿದ್ದಾರೆ. ನನ್ನ ಕಡೆ ನೋಡುತ್ತಿಲ್ಲ. ಈ ವರ್ಷ ಸನ್ಮಾನ ನನಗೆ ಆಗಬೇಕೆಂದು ಸಮಿತಿ ಮೊದಲು ನಿಶ್ಚಯಿಸಿತ್ತು. ಅದನ್ನು ತಡೆಯಲೆಂದು ಅವರು ಪತ್ರ ಬರೆದರು ಎಂದು ಕಾಣುತ್ತದೆ. ನನ್ನ ಹೆಸರು ಬರೆಯಲಿಲ್ಲ. ನಾನೇ ಹೇಳಲಿ ಎಂದಿರಬೇಕು. ನಾವು ಏಳು ಮಂದಿ ಬುದ್ಧಿವಂತರು ಅದನ್ನು ಓದಿ ಶಾಲನ್ನು ನೇರವಾಗಿ ಖಾದರಬಾಷಾ ಅವರ ಹೆಗಲಿಗೆ ಒಯ್ದೆವು. ಆ ಠರಾವಿಗೆ ಸಹಿ ಮಾಡಿ ಬಂದ ದಿನ ಮನೆಯಲ್ಲಿ ವಿಷಯ ಹೇಳಿದಾಗ ಅವರು ಊಟ ಮಾಡಲಿಲ್ಲ. ಉಪವಾಸವೇನು ಇಂದು ಎಂದು ಕೇಳಿದೆ. “ನಿಮ್ಮದು ಆಗಲಿ,” ಎಂದಷ್ಟೇ ಹೇಳಿದ್ದರು.

ಸಭಿಕರೇ, ಬರೆದು ತಂದ ಎರಡು ಪುಟಗಳನ್ನು ಇಲ್ಲಿ ಮೇಜಿನ ಮೇಲೆ ಇಡುತ್ತಿದ್ದೇನೆ. ಅದರಲ್ಲಿ ಒಳ್ಳೆಯ ವಿಶೇಷಣಗಳಿವೆ, ಯಾರಿಗಾದರೂ ಬೇಕಾದರೆ ಬಳಸಿಕೊಳ್ಳಬಹುದು. ಸಮಿತಿಗೆ ನನ್ನ ವಿನಂತಿ ಇಷ್ಟೇ. ಆ ಠರಾವಿನಿಂದ ನನ್ನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಉಳಿದ ಆರು ಮಂದಿ ತಮ್ಮದನ್ನು ಏನು ಮಾಡಬೇಕೆಂದು ಇಲ್ಲೇ, ಇವರೆಲ್ಲರ ಮುಂದೆ, ಯೋಚಿಸಬೇಕು. ಕಂಪ್ಯೂಟರಿಗೆ ಕಿಸೆಯಿಲ್ಲ, ಅದು ಅದರ ದೊಡ್ಡ ಗುಣ. ಆದರೆ ನಂಬರುಗಳನ್ನು ಅದಕ್ಕೆ ತುಂಬುವವರಿಗೆ ಕಿಸೆ ಇರುತ್ತದೆ. ಇಪ್ಪತ್ತನಾಲ್ಕು ವರ್ಷ ಚೀಲದೊಳಗೆ ಹೋಗಿ ಬಂದ ಆ ಕೈಯಲ್ಲಿ ಎಂದೂ ದೋಷವಿರಲಿಲ್ಲ. ಅದನ್ನು ಪರೀಕ್ಷೆ ಮಾಡಿ ನೋಡಿದವನು ಈ ಊರಿನಲ್ಲಿ ನಾನೊಬ್ಬನೇ. ನನ್ನ ಸಾಕ್ಷ್ಯವನ್ನು ನೀವು ನಂಬಬೇಕು. ದೋಷವಿದ್ದದ್ದು ಗೆರೆ ಎಳೆದವನಲ್ಲಿ. ಇನ್ನು ಮುಂದೆ ನಕ್ಷೆಯನ್ನು ಬೇರೆಯವರು ಬರೆಯಲಿ.

ಶಾಯಿಸ್ತಾ ಅವರಿಗೆ ನಾನು ಏನು ಹೇಳಬೇಕು? ತಪ್ಪಾಯಿತು ಎಂಬುದು ಹನ್ನೊಂದು ವರ್ಷಕ್ಕೆ ಬಹಳ ಚಿಕ್ಕ ಮಾತು. ಆದರೂ ಅದನ್ನು ಹೇಳದೆ ಕೆಳಗಿಳಿಯಲಾರೆ. ತಪ್ಪಾಯಿತು. ನಿಮ್ಮ ಹನ್ನೊಂದು ಹೆಣ್ಣುಮಕ್ಕಳು ಯಾವ ಗೆರೆಗೆ ಬರುತ್ತಾರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಇಷ್ಟು ಹಗುರ ಎಂಬುದೂ ನನಗೆ ಗೊತ್ತಿರಲಿಲ್ಲ.

ಪ್ರದರ್ಶನಕ್ಕೆಂದು ಆ ಚೀಲವನ್ನೂ ನೂರು ಬಿಲ್ಲೆಗಳನ್ನೂ ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ದಯವಿಟ್ಟು ಯಾರಾದರೂ ಅದರ ಬಾಗಿಲು ತೆರೆಯಿರಿ. ಈ ನನ್ನ ಕೋಟಿನ ಎರಡೂ ಕಿಸೆಗಳನ್ನು ಹೊರಗೆ ತಿರುವಿದ್ದೇನೆ; ಎಡಗಡೆಯದರ ಕಲೆ ಮುಂದಿನ ಸಾಲಿನವರಿಗೆ ಕಾಣುತ್ತಿರಬೇಕು. ಮಂದಾಕಿನಿ ಈಗ ನೋಡುತ್ತಿದ್ದಾರೆ.

ಇಷ್ಟು ಹೊತ್ತು ನನ್ನನ್ನು ತಡೆಯದೆ ಕೂತ ಅಧ್ಯಕ್ಷರಿಗೆ, ಹಸಿವು ಮರೆತು ಕೇಳಿದ ನಿಮಗೆಲ್ಲರಿಗೆ, ನಾಲ್ಕು ಸಾಲು ಬರೆದವರಿಗೆ, ನನ್ನ ವಂದನೆಗಳು.

ಖಾದರಬಾಷಾ ಅವರೇ, ಶಾಲನ್ನು ಕುರ್ಚಿಯ ಮೇಲೆ ಇಟ್ಟು ಮೇಲೆ ಬರ್ರಿ. ಎಣಿಸಿ ಹಾಕೂಣ್ರಿ ಅಂತ ನೀವು ಹೇಳಬೇಕಾಗಿಲ್ಲ. ಈ ಸಲ ನಾನೇ ಹೇಳುತ್ತೇನೆ. ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ನೋಡಿಯೇ ಹಾಕಿರಿ. ನೂರೂ ತಣ್ಣಗಿರಬೇಕು. ನಾನು ಕೆಳಗೆ, ಸಭೆಯಲ್ಲಿ ಕುಳಿತು ಕೇಳುತ್ತೇನೆ.

ನಮಸ್ಕಾರ.